ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ದೂರವೆಷ್ಟು, ಹೊತ್ತೆಷ್ಟು?

ಹುಣಸಮಾರನಹಳ್ಳಿಯು ಬೆಂಗಳೂರಿನ ಉತ್ತರಕ್ಕೆ, ಬಳ್ಳಾರಿ ರಸ್ತೆಯಲ್ಲಿ, ಯಲಹಂಕವನ್ನು ಹಿಂದೆ ಬಿಟ್ಟು ದೇವನಹಳ್ಳಿಯ ಕಡೆಗೆ ಹೋಗುವವರಿಗೆ ಸಿಕ್ಕುವ ಊರು. ಯಲಹಂಕದ ವಾಯುಸೇನಾ ನೆಲೆ ಇದರ ಮಗ್ಗುಲಲ್ಲೇ ಇದೆ. ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನನಿಲ್ದಾಣವು ಈಶಾನ್ಯಕ್ಕೆ ನೇರ ಗೆರೆಯಲ್ಲಿ ಹತ್ತು ಹನ್ನೊಂದು ಕಿಲೋಮೀಟರು ಮಾತ್ರ. ಆದ್ದರಿಂದ ಇಲ್ಲಿ ಬಿಡಾರವಿರುವ ನಮ್ಮಂಥವರಿಗೆ ತಲೆಯ ಮೇಲೆ ವಿಮಾನ ಹಾರುವುದೆಂದರೆ ಕಾಗೆ ಹಾರಿದಷ್ಟೇ ಸಾಮಾನ್ಯವಾದ ಸಂಗತಿ. ಹೀಗಿದ್ದರೂ, ಇಲ್ಲಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ಎಷ್ಟು ದೂರ, ಎಷ್ಟು ಹೊತ್ತಿನ ಪಯಣ ಎಂಬ ಪ್ರಶ್ನೆ ಎದುರಾದಾಗ ಒಂದೇ ಮಾತಿನ ಉತ್ತರವನ್ನು ಕೊಡಲು ನಮ್ಮಿಂದ ಆಗಲಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ.

ಪ್ರಶ್ನೆ ಎದುರಾದ ಬಗೆ ಹೀಗೆ. ಆಧಾರಗಳ ಪರಿಶೀಲನೆಯನ್ನು ಕುರಿತ ಪಾಠಕ್ಕೆ ಅಂಗವಾಗಿ ನಮ್ಮ ವಿದ್ಯಾರ್ಥಿಗಳಿಗೆ ಒಂದು ಚಿಕ್ಕ ಅಭ್ಯಾಸವನ್ನು ಕೊಟ್ಟಿದ್ದೆವು. ೨೦೨೧ನೆಯ ಜನವರಿಯಲ್ಲಿ ಏರ್ ಇಂಡಿಯಾ ಸಂಸ್ಥೆಯು ಈ ಎರಡು ನಗರಗಳ ನಡುವೆ ನೇರ ವಿಮಾನಸಂಚಾರವನ್ನು ಆರಂಭಿಸಿತು. ಜೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್ ಎಂಬ ನಾಲ್ವರು ಮಹಿಳಾ ಚಾಲಕರು ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮಾರ್ಗವಾಗಿ ಬೆಂಗಳೂರಿಗೆ ವಿಮಾನವನ್ನು ತಂದರೆಂಬ ವಾರ್ತೆ ಆಗ ಎಲ್ಲ ಪತ್ರಿಕೆಗಳಲ್ಲಿಯೂ ಬಂದಿತ್ತು. ಆ ವಾರ್ತೆಗಳನ್ನು ಓದಿ, ಪಯಣದ ದೂರವನ್ನೂ ಕಾಲವನ್ನೂ ಬರೆಯಿರಿ ಎಂದು ಕೇಳಿದೆವು. ಕೆಲವರು ೧೩,೯೯೩ ಕಿಲೋಮೀಟರು ಎಂದು ಬರೆದರು. ಕೆಲವರು ಸುಮಾರು ೧೬,೦೦೦ ಎಂದರು. ಕಾಲದ ಕಲಮಿನಲ್ಲಿ ಹಲವರು ಹದಿನೇಳು ಗಂಟೆಗೆ ಮೇಲೆಂದು ಬರೆದರೆ, ಒಬ್ಬನು ಒಂಬತ್ತನೆಯ ತಾರೀಖು ಹೊರಟು ಹನ್ನೊಂದನೆಯ ತಾರೀಖು ತಲುಪಿದ್ದರಿಂದ ‘ಎರಡು ದಿನ’ ಎಂದಿದ್ದನು. ಹದಿನಾರು ಸಾವಿರವೆಂದವರ ಉತ್ತರಕ್ಕೆ ನಾವು ಕೆಂಪು ಶಾಯಿಯಲ್ಲಿ ಗೆರೆ ಎಳೆದೆವು. ಅವರು ಪತ್ರಿಕೆಯ ತುಣುಕುಗಳನ್ನು ತಂದು ತೋರಿಸಿದಾಗ, ಎರಡು ಸಂಖ್ಯೆಗಳೂ ಒಂದೇ ದಿನದ ವಾರ್ತೆಗಳಲ್ಲಿ ಅಚ್ಚಾಗಿದ್ದುವು! ಪ್ರಕೃತ ಲೇಖನವು ಆ ಕೆಂಪು ಗೆರೆಯ ಪ್ರಾಯಶ್ಚಿತ್ತವೆಂದು ವಾಚಕರು ತಿಳಿಯಬಹುದು.

ಮೊದಲು ೧೩,೯೯೩ ಎಂಬ ಸಂಖ್ಯೆಯನ್ನು ನೋಡೋಣ. ಇದನ್ನು ಯಾರೂ ಹಾರಿ ಅಳೆದದ್ದಲ್ಲ, ಲೆಕ್ಕದಿಂದ ಬಂದದ್ದು. ಭೂಗೋಲದ ಪ್ರತಿಮೆಯೊಂದನ್ನು ತೆಗೆದುಕೊಂಡು ಎರಡು ನಗರಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ, ಆ ದಾರವು ಯಾವ ಹಾದಿಯಲ್ಲಿ ಕೂಡುವುದೋ ಅದೇ ಅತ್ಯಂತ ಹತ್ತಿರದ ಹಾದಿ. ಗಣಿತಜ್ಞರು ಇದನ್ನು ಮಹಾವೃತ್ತದ ಕಂಸವೆನ್ನುತ್ತಾರೆ. ಬೆಂಗಳೂರಿನ ವಿಮಾನನಿಲ್ದಾಣವು ಉತ್ತರ ಅಕ್ಷಾಂಶ ೧೩.೨ ಡಿಗ್ರಿ, ಪೂರ್ವ ರೇಖಾಂಶ ೭೭.೭ ಡಿಗ್ರಿಯಲ್ಲಿಯೂ, ಸ್ಯಾನ್ ಫ್ರಾನ್ಸಿಸ್ಕೊದ ನಿಲ್ದಾಣವು ಉತ್ತರ ಅಕ್ಷಾಂಶ ೩೭.೬ ಡಿಗ್ರಿ, ಪಶ್ಚಿಮ ರೇಖಾಂಶ ೧೨೨.೪ ಡಿಗ್ರಿಯಲ್ಲಿಯೂ ಇವೆ. ತ್ರಿಕೋಣಮಿತಿಯ ಸೂತ್ರಕ್ಕೆ ಇವನ್ನು ಹಾಕಿದರೆ ಭೂಮಿಯ ನಡುಬಿಂದುವಿನಲ್ಲಿ ಇವೆರಡರ ನಡುವಣ ಕೋನವು ಸುಮಾರು ೧೨೫.೮ ಡಿಗ್ರಿ ಎಂದು ಬರುತ್ತದೆ. ಒಂದು ಡಿಗ್ರಿಗೆ ೧೧೧.೨ ಕಿಲೋಮೀಟರಿನಂತೆ ಗುಣಿಸಿದರೆ ೧೩,೯೮೯. ಭೂಮಿಯು ಪೂರ್ಣ ಗೋಲವಾಗಿರದೆ ಧ್ರುವಗಳಲ್ಲಿ ಕೊಂಚ ಚಪ್ಪಟೆಯಾಗಿರುವುದರಿಂದ ನಾಲ್ಕಾರು ಕಿಲೋಮೀಟರುಗಳ ವ್ಯತ್ಯಾಸವಿರುವುದು ಸಹಜ. ಎಂದರೆ, ಅಧಿಕೃತವಾಗಿ ಪ್ರಕಟವಾದ ಸಂಖ್ಯೆಯು ದಾರದ ಉದ್ದವೇ ಸರಿ.

ಈ ನಗರಗಳು ಪ್ರಪಂಚದ ಎರಡು ವಿರುದ್ಧ ತುದಿಗಳಲ್ಲಿವೆಯೆಂದು ಆಗ ಹೇಳಿದ್ದುಂಟು. ಮಾತಿನ ಸೊಗಸಿಗೆ ಇದು ಸಲ್ಲಬಹುದು. ಆದರೆ ಬೆಂಗಳೂರಿಗೆ ನಿಜವಾಗಿ ಕಾಲಡಿಯ ತುದಿಯಾಗಿರುವ ಬಿಂದುವು ಪೆರು ದೇಶಕ್ಕೆ ಪಶ್ಚಿಮದಲ್ಲಿ ಬಹುದೂರ ಪೆಸಿಫಿಕ್ ಸಾಗರದ ನಡುನೀರಿನಲ್ಲಿದೆ. ಅಲ್ಲಿಗೆ ಇಲ್ಲಿಂದ ಇಪ್ಪತ್ತು ಸಾವಿರ ಕಿಲೋಮೀಟರು.

ಇಲ್ಲಿ ಒಂದು ಸ್ಥಳೀಯ ಸಂಗತಿಯನ್ನು ಹೇಳದೆ ಮುಂದುವರಿಯಲಾರೆವು. ಅಕ್ಷಾಂಶ ರೇಖಾಂಶಗಳ ಲೆಕ್ಕದಿಂದ ದೂರವನ್ನು ತಿಳಿಯಬೇಕಾದರೆ ಭೂಮಿಯ ಮೇಲೆ ಒಂದು ಡಿಗ್ರಿಯ ಉದ್ದವೆಷ್ಟೆಂಬುದು ಮೊದಲು ಗೊತ್ತಿರಬೇಕು. ಅದು ಗೊತ್ತಾಗಬೇಕಾದರೆ ಯಾರಾದರೂ ನೆಲದ ಮೇಲೆ ಸರಪಣಿ ಹಿಡಿದು ಅಳೆದಿರಬೇಕು. ಇಂಡಿಯಾ ದೇಶದಲ್ಲಿ ಆ ಕೆಲಸದ ಆರಂಭದ ಅಧ್ಯಾಯವು ನಡೆದದ್ದು ಬೆಂಗಳೂರಿನಲ್ಲಿ. ಶ್ರೀರಂಗಪಟ್ಟಣದ ಪತನವಾದ ಮರುವರ್ಷ, ೧೮೦೦ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ಇಲ್ಲಿ ಏಳು ಮೈಲಿಗೂ ಮಿಕ್ಕ ಆಧಾರರೇಖೆಯನ್ನು ಉಕ್ಕಿನ ಸರಪಣಿಯಿಂದ ಅಳೆದನು. ಆ ಸರಪಣಿಯು ಮೊದಲು ಚೀಣಾ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ, ಅಲ್ಲಿ ಬೇಡವಾಗಿ ಕಲ್ಕತ್ತೆಗೆ ಬಂದದ್ದು. ಮಹಾತ್ರಿಕೋಣಮಿತಿ ಸರ್ವೇಕ್ಷಣೆಯವರು ೧೮೬೮ರಲ್ಲಿ ಮತ್ತೆ ಬೆಂಗಳೂರಿಗೆ ಬಂದು ಮತ್ತೊಂದು ಆಧಾರರೇಖೆಯನ್ನು ಅಳೆದರು. ಅದರ ಒಂದು ತುದಿ ಈಗಿನ ಮೇಖ್ರಿ ವೃತ್ತದ ಬಳಿ. ಇನ್ನೊಂದು ತುದಿ ಹುಣಸಮಾರನಹಳ್ಳಿಗೆ ಆಗ್ನೇಯದಲ್ಲಿ ಕೆಲವೇ ಮೈಲಿಗಳಾಚೆಗಿರುವ ಕಣ್ಣೂರಿನಲ್ಲಿ. ಕಣ್ಣೂರಿನ ಗೋಪುರವು ೨೦೨೪ರಲ್ಲಿ ಕುಸಿದುಬಿತ್ತು. ಪ್ರಪಂಚದ ದೂರಗಳನ್ನು ಅಳೆಯುವುದಕ್ಕೆ ನೆರವಾದ ಕಟ್ಟಡವೊಂದು ನಮ್ಮ ಕಾಲದಲ್ಲೇ ಮಣ್ಣುಪಾಲಾದದ್ದು ಇತಿಹಾಸದ ಅಧ್ಯಾಪಕರಿಗೆ ಶೋಭೆ ತರುವ ಸಂಗತಿಯಲ್ಲ. ನಾವೂ ಅದನ್ನು ನೋಡಬೇಕೆಂದು ಅಂದುಕೊಳ್ಳುತ್ತಲೇ ಇದ್ದವರ ಸಾಲಿನಲ್ಲಿ ಸೇರಿದವರು.

ಇನ್ನು ಪ್ರಕೃತಕ್ಕೆ ಬರೋಣ. ದಾರವು ಯಾವ ಊರುಗಳ ಮೇಲೆ ಹಾಯುತ್ತದೆ? ತರಗತಿಯ ಗೋಡೆಯ ಮೇಲಿನ ಭೂಪಟವನ್ನು ನೋಡಿ ಬೆಳೆದವರು ಚೀಣಾ, ಜಪಾನು, ಪೆಸಿಫಿಕ್ ಸಾಗರ ಎಂದು ಬೆರಳನ್ನು ಬಲಗಡೆಗೆ ಎಳೆಯುತ್ತಾರೆ. ಉತ್ತರ ಧ್ರುವದ ವಾರ್ತೆಯನ್ನು ಓದಿದವರು ಬೆರಳನ್ನು ನೆಟ್ಟಗೆ ಮೇಲಕ್ಕೆ ಒಯ್ಯುತ್ತಾರೆ. ದಾರವು ಇವೆರಡನ್ನೂ ಒಪ್ಪುವುದಿಲ್ಲ. ಅದು ಬೆಂಗಳೂರಿನಿಂದ ಉತ್ತರಕ್ಕೂ ಕೊಂಚ ಪೂರ್ವಕ್ಕೂ ವಾಲಿ ಹೊರಟು, ನೇಪಾಳದ ಹಿಮಾಲಯ, ತಿಬೆಟ್ಟಿನ ಪ್ರಸ್ಥಭೂಮಿ, ಸಿಂಕಿಯಾಂಗ್, ಮಂಗೋಲಿಯದ ಪಶ್ಚಿಮ ಭಾಗ, ಸೈಬೀರಿಯ ಇವುಗಳ ಮೇಲೆ ಹಾದು, ಪೂರ್ವ ಸೈಬೀರಿಯದ ಕಡಲಂಚಿನಲ್ಲಿ ಸುಮಾರು ೭೧ ಡಿಗ್ರಿ ಅಕ್ಷಾಂಶವನ್ನು ಮುಟ್ಟಿ, ಅಲ್ಲಿಂದ ಅಲಾಸ್ಕದ ಮೇಲೆ ಇಳಿಯುತ್ತದೆ. ಉತ್ತರ ಧ್ರುವಕ್ಕೂ ಅದಕ್ಕೂ ಹತ್ತೊಂಬತ್ತು ಡಿಗ್ರಿಗಳ, ಎಂದರೆ ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕ ಅಂತರವಿದೆ!

ಹಾಗಾದರೆ ಧ್ರುವದ ಮೇಲೆಯೇ ಹೋದರೆ ಎಷ್ಟಾಗುತ್ತದೆ? ಈ ಲೆಕ್ಕವನ್ನು ಪ್ರೌಢಶಾಲೆಯ ಹುಡುಗನೂ ಮಾಡಬಲ್ಲನು. ಸ್ಯಾನ್ ಫ್ರಾನ್ಸಿಸ್ಕೊದಿಂದ ಧ್ರುವಕ್ಕೆ ತೊಂಬತ್ತರಿಂದ ೩೭.೬ ಕಳೆದು ೫೨.೪ ಡಿಗ್ರಿ, ಧ್ರುವದಿಂದ ಬೆಂಗಳೂರಿಗೆ ತೊಂಬತ್ತರಿಂದ ೧೩.೨ ಕಳೆದು ೭೬.೮ ಡಿಗ್ರಿ; ಒಟ್ಟು ೧೨೯.೨ ಡಿಗ್ರಿ. ಇದು ೧೪,೩೬೭ ಕಿಲೋಮೀಟರಾಗುತ್ತದೆ. ದಾರದ ಉದ್ದಕ್ಕಿಂತ ಇದು ೩೮೦ ಕಿಲೋಮೀಟರಿನಷ್ಟು ಹೆಚ್ಚು. ಧ್ರುವದ ಹಾದಿಯೇ ಹತ್ತಿರದ ಹಾದಿಯೆಂಬ ಜನಜನಿತವಾದ ನಂಬಿಕೆಯು ಈ ಎರಡು ನಗರಗಳ ಮಟ್ಟಿಗೆ ಸರಿಯಲ್ಲವೆಂದು ಇದರಿಂದ ಸ್ಪಷ್ಟವಾಗುತ್ತದೆ. ಆದರೂ ವಿಮಾನವು ಅತ್ತ ಹೋಯಿತು. ಕಾರಣವೇನು?

ಕಾರಣಗಳು ಹಲವು. ಮೊದಲನೆಯದು ತಿಬೆಟ್ಟು. ಅದರ ಸರಾಸರಿ ಎತ್ತರವೇ ಸುಮಾರು ೪,೫೦೦ ಮೀಟರು. ಹಾರುತ್ತಿರುವ ವಿಮಾನದೊಳಗಣ ಗಾಳಿಯ ಒತ್ತಡವು ಆಕಸ್ಮಿಕವಾಗಿ ಕುಸಿದರೆ, ಪ್ರಯಾಣಿಕರು ಉಸಿರಾಡಬಲ್ಲ ಸುಮಾರು ಮೂರು ಸಾವಿರ ಮೀಟರಿನ ಮಟ್ಟಕ್ಕೆ ಚಾಲಕನು ಬೇಗನೆ ಇಳಿಯಬೇಕು; ತಲೆಯ ಮೇಲಿಂದ ಬೀಳುವ ಮುಖವಾಡಗಳಲ್ಲಿ ಪ್ರಾಣವಾಯು ಇರುವುದು ಕೆಲವು ನಿಮಿಷಗಳಿಗೆ ಮಾತ್ರ. ತಿಬೆಟ್ಟಿನ ಮೇಲೆ ಆ ಮಟ್ಟಕ್ಕೆ ಇಳಿಯುವುದೆಂದರೆ ನೆಲದೊಳಕ್ಕೆ ಇಳಿಯುವುದೆಂದೇ ಅರ್ಥ. ಆದ್ದರಿಂದ ವಿಮಾನ ಕಂಪನಿಗಳು ಅದನ್ನು ಬಳಸಿ ಹೋಗುತ್ತವೆ.

ಎರಡನೆಯದು ಗಾಳಿ. ಹತ್ತು ಹನ್ನೆರಡು ಕಿಲೋಮೀಟರು ಎತ್ತರದಲ್ಲಿ, ಸಮಶೀತೋಷ್ಣ ವಲಯದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಪ್ರಬಲವಾದ ವಾಯುಪ್ರವಾಹವುಂಟು. ಚಳಿಗಾಲದಲ್ಲಿ ಅದರ ವೇಗವು ಗಂಟೆಗೆ ಇನ್ನೂರು ಕಿಲೋಮೀಟರನ್ನು ಮೀರುವುದೂ ಅಪರೂಪವಲ್ಲ. ಇದನ್ನು ೧೯೨೦ರ ದಶಕದಲ್ಲಿಯೇ ವಾಸಾಬುರೊ ಓಯಿಶಿ ಎಂಬ ಜಪಾನಿ ವಿದ್ವಾಂಸನು ಬೆಲೂನುಗಳನ್ನು ಹಾರಿಬಿಟ್ಟು ಅಳೆದು, ಲೋಕವೆಲ್ಲ ಓದಲೆಂಬ ಆಸೆಯಿಂದ ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದನು. ಲೋಕವು ಓದಲಿಲ್ಲ. ೧೯೪೪ರಲ್ಲಿ ಜಪಾನಿನ ಮೇಲೆ ಹಾರಿದ ಅಮೆರಿಕದ ಬಾಂಬರುಗಳು ಇದೇ ಗಾಳಿಗೆ ಸಿಕ್ಕಿ ತತ್ತರಿಸಿದುವು. ಸಂಶೋಧನ ಪತ್ರಿಕೆಗಳಿಗೆ ಬರೆಯುವ ನಾವೆಲ್ಲರೂ ಒಮ್ಮೊಮ್ಮೆ ಓಯಿಶಿಯನ್ನು ನೆನೆಯಬೇಕಾಗುತ್ತದೆ.

ಈ ಗಾಳಿಯ ಪ್ರಭಾವವನ್ನು ತಿಳಿಯಲು ದೆಹಲಿಯ ಒಂದು ನಿದರ್ಶನ ಸಾಕು. ಏರ್ ಇಂಡಿಯಾದವರು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಮೊದಲು ಅಟ್ಲಾಂಟಿಕ್ ಸಾಗರದ ಕಡೆಯಿಂದ ಹೋಗುತ್ತಿದ್ದರು. ಆ ಹಾದಿಯ ಉದ್ದ ಸುಮಾರು ೧೩,೯೦೦ ಕಿಲೋಮೀಟರು. ೨೦೧೬ರ ಅಕ್ಟೋಬರಿನಲ್ಲಿ ಅವರು ದಿಕ್ಕನ್ನೇ ಬದಲಿಸಿ ಪೆಸಿಫಿಕ್ ಸಾಗರದ ಮೇಲೆ ಹಾರಿದರು. ಉದ್ದವು ಸುಮಾರು ೧೫,೩೦೦ ಕಿಲೋಮೀಟರಿಗೆ ಏರಿತು. ಕಾಲವು ಹದಿನಾಲ್ಕೂವರೆ ಗಂಟೆಗೆ ಇಳಿಯಿತು. ಸಾವಿರದ ನಾನೂರು ಕಿಲೋಮೀಟರು ಹೆಚ್ಚು ನಡೆದು ಎರಡು ಗಂಟೆಗಳಷ್ಟು ಮೊದಲೇ ಮನೆ ಸೇರಿದಂತೆ ಆಯಿತು. ದೂರವು ಹೆಚ್ಚಿದರೆ ಕಾಲವೂ ಹೆಚ್ಚಬೇಕೆಂಬ ಸಾಮಾನ್ಯ ನ್ಯಾಯವು ಇಲ್ಲಿ ತಲೆಕೆಳಗಾಗಿದೆ. ಬೆನ್ನ ಮೇಲಿನ ಗಾಳಿಯು ಆ ವ್ಯತ್ಯಾಸವನ್ನು ತುಂಬಿಕೊಟ್ಟಿತು. ಸ್ಯಾನ್ ಫ್ರಾನ್ಸಿಸ್ಕೊದಿಂದ ಇತ್ತ ಬರುವ ವಿಮಾನಕ್ಕೆ ಅದೇ ಗಾಳಿಯು ಎದುರಾಗುತ್ತದೆ. ಅದರ ಹೊಡೆತವನ್ನು ತಪ್ಪಿಸಿಕೊಳ್ಳಬೇಕಾದರೆ ಉತ್ತರಕ್ಕೆ, ಇನ್ನೂ ಉತ್ತರಕ್ಕೆ ಸರಿಯಬೇಕು. ಧ್ರುವದ ಕಡೆಯ ಹಾದಿಯ ಮರ್ಮವು ಮುಖ್ಯವಾಗಿ ಇದೇ.

ಅತ್ತ ಹೋಗುವುದೂ ಸುಲಭವಲ್ಲ. ಅಮೆರಿಕದ ನಿಲ್ದಾಣಗಳಲ್ಲಿ ಸಾಮಾನ್ಯವಾಗಿ ತುಂಬುವ ಇಂಧನವು ಸೊನ್ನೆಗೆ ಕೆಳಗೆ ನಲವತ್ತು ಡಿಗ್ರಿಯಲ್ಲಿ ಹೆಪ್ಪುಗಟ್ಟತೊಡಗುವುದು. ಹೊರಗಿನ ಚಳಿಯು ಅದಕ್ಕಿಂತ ಹೆಚ್ಚಿರುವುದುಂಟು. ಆದಕಾರಣ ರೆಕ್ಕೆಯೊಳಗಣ ಇಂಧನದ ಉಷ್ಣತೆಯ ಮೇಲೆ ಒಂದು ಕಣ್ಣಿಟ್ಟಿರಬೇಕು. ಭೂಮಧ್ಯರೇಖೆಯ ಮೇಲೆ ನಿಂತ ಸಂಪರ್ಕ ಉಪಗ್ರಹಗಳು ೮೨ ಡಿಗ್ರಿಯಾಚೆಗೆ ಕಾಣಿಸವು. ದಿಕ್ಸೂಚಿಯ ಮುಳ್ಳು ನಂಬಿಕೆಗೆ ಅರ್ಹವಲ್ಲ. ಎರಡೇ ಎಂಜಿನುಗಳ ವಿಮಾನಕ್ಕೆ, ಒಂದು ನಿಂತರೆ ಇಳಿಯಲು ನಿಯಮಿತ ಅವಧಿಯೊಳಗೆ ತಲುಪಬಹುದಾದ ನಿಲ್ದಾಣವೊಂದು ದಾರಿಯುದ್ದಕ್ಕೂ ಇರಲೇಬೇಕು. ಇದು ಕೇವಲ ಕಾಗದದ ಮೇಲಿನ ನಿಯಮವಲ್ಲ: ೨೦೨೩ರ ಜೂನ್ ೬ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ವಿಮಾನವು ಎಂಜಿನಿನ ದೋಷದಿಂದ ರಷ್ಯದ ಪೂರ್ವದಂಚಿನ ಮಗದಾನ್ ಎಂಬಲ್ಲಿ ಇಳಿಯಿತು. ಅದರಲ್ಲಿದ್ದ ೨೧೬ ಪ್ರಯಾಣಿಕರೂ ೧೬ ಮಂದಿ ಸಿಬ್ಬಂದಿಯೂ ಮತ್ತೊಂದು ವಿಮಾನ ಬರುವವರೆಗೆ ಅಲ್ಲಿಯೇ ಕಾಯಬೇಕಾಯಿತು.

ಇಷ್ಟನ್ನು ತಿಳಿದ ಮೇಲೆ ಹದಿನಾರು ಸಾವಿರವೆಂಬ ಸಂಖ್ಯೆಯ ವಿಚಾರ. ಹಾರಿದ ಹಾದಿಯ ಉದ್ದವು ದಾರದ ಉದ್ದಕ್ಕಿಂತ ಯಾವಾಗಲೂ ಹೆಚ್ಚೇ. ಆ ದಿನದ ವಾರ್ತೆಗಳು ಆ ಹೆಚ್ಚಿನ ಉದ್ದವನ್ನು ದುಂಡುಸಂಖ್ಯೆಯಲ್ಲಿ ಹೇಳಿದುವೆಂದು ಇಟ್ಟುಕೊಂಡರೆ, ಎರಡು ಸಂಖ್ಯೆಗಳೂ ಎರಡು ಬೇರೆ ಬೇರೆ ಪ್ರಶ್ನೆಗಳ ಉತ್ತರಗಳಾಗುತ್ತವೆ. ಒಂದು ನಗರದಿಂದ ಇನ್ನೊಂದಕ್ಕೆ ಇರುವ ದೂರ ಒಂದು; ಒಂದು ನಿರ್ದಿಷ್ಟ ದಿನ ಒಂದು ನಿರ್ದಿಷ್ಟ ವಿಮಾನವು ಕ್ರಮಿಸಿದ ದೂರ ಇನ್ನೊಂದು. ಮೊದಲನೆಯದು ಭೂಗೋಲಶಾಸ್ತ್ರಕ್ಕೆ ಸೇರಿದ್ದು, ಬದಲಾಗದು. ಎರಡನೆಯದು ಇತಿಹಾಸಕ್ಕೆ ಸೇರಿದ್ದು. ಅದಕ್ಕೆ ತಾರೀಖು ಬೇಕು. ನಮ್ಮ ವಿದ್ಯಾರ್ಥಿಗಳಲ್ಲಿ ಯಾರೂ ತಾರೀಖನ್ನು ಹಾಕಿರಲಿಲ್ಲ. ಪ್ರಶ್ನೆಯಲ್ಲಿ ಅದನ್ನು ಕೇಳದೆ ಹೋದದ್ದು ನಮ್ಮ ತಪ್ಪು.

ಇನ್ನು ಕಾಲದ ವಿಷಯ. ಪ್ರಕಟವಾದ ವೇಳೆಯ ಪ್ರಕಾರ ವಿಮಾನವು ಸ್ಯಾನ್ ಫ್ರಾನ್ಸಿಸ್ಕೊವನ್ನು ೨೦೨೧ರ ಜನವರಿ ೯ರ ರಾತ್ರಿ ೮-೩೦ಕ್ಕೆ ಬಿಟ್ಟು, ಬೆಂಗಳೂರನ್ನು ೧೧ರ ಬೆಳಗಿನ ಜಾವ ೩-೪೫ಕ್ಕೆ ಸೇರಬೇಕು. ಗಡಿಯಾರಗಳನ್ನು ನಂಬಿದರೆ ಮೂವತ್ತೊಂದೂಕಾಲು ಗಂಟೆ. ಆದರೆ ಚಳಿಗಾಲದಲ್ಲಿ ನಮ್ಮ ಗಡಿಯಾರವು ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಅದನ್ನು ಕಳೆದರೆ ಉಳಿಯುವುದು ಹದಿನೇಳು ಗಂಟೆ ನಲವತ್ತೈದು ನಿಮಿಷ. ಹಿಂದಿರುಗುವಾಗ ಇದರ ವಿಪರೀತ: ಇಲ್ಲಿಂದ ಮಧ್ಯಾಹ್ನ ೨-೩೦ಕ್ಕೆ ಹೊರಟು ಹದಿನಾರು ಗಂಟೆ ಹಾರಿದವನು ಅದೇ ದಿನ ಸಂಜೆ ಐದಕ್ಕೆ ಅಲ್ಲಿ ಇಳಿಯುತ್ತಾನೆ, ಗಡಿಯಾರದಲ್ಲಿ ಸರಿದದ್ದು ಎರಡೂವರೆ ಗಂಟೆ ಮಾತ್ರ. ಬೇಸಗೆಯಲ್ಲಿ ಅಮೆರಿಕದವರು ತಮ್ಮ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದರಿಂದ ಅಂತರವು ಹನ್ನೆರಡೂವರೆಗೆ ಇಳಿಯುತ್ತದೆಂಬುದನ್ನೂ ನೆನಪಿನಲ್ಲಿಡಬೇಕು.

ಈ ಹದಿಮೂರೂವರೆಯೂ ಸೂರ್ಯನು ಕೊಟ್ಟದ್ದಲ್ಲ, ಸರಕಾರಗಳು ಕೊಟ್ಟದ್ದು. ಇಂಡಿಯಾ ದೇಶಕ್ಕೆಲ್ಲ ಒಂದೇ ಪ್ರಮಾಣವೇಳೆಯು ಜಾರಿಗೆ ಬಂದದ್ದು ೧೯೦೬ರ ಜನವರಿ ೧ರಂದು. ಅದು ೮೨.೫ ಡಿಗ್ರಿ ರೇಖಾಂಶದ ವೇಳೆ. ಬೆಂಗಳೂರಿನ ಸೂರ್ಯನು ಅದಕ್ಕಿಂತ ಸುಮಾರು ಇಪ್ಪತ್ತು ನಿಮಿಷ ಹಿಂದು. ನಗರಗಳೆರಡರ ಸೂರ್ಯಮಾನವನ್ನು ಹಿಡಿದರೆ ಅಂತರವು ಹದಿಮೂರು ಗಂಟೆ ಇಪ್ಪತ್ತು ನಿಮಿಷವಾಗುವುದು.

ಭೂಮಿಯು ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದರಿಂದಲೇ ಪಶ್ಚಿಮಕ್ಕೆ ಹಾರುವ ವಿಮಾನವು ಬೇಗ ತಲುಪಬೇಕಲ್ಲವೆ ಎಂದು ವಿದ್ಯಾರ್ಥಿಗಳು ತಪ್ಪದೆ ಕೇಳುತ್ತಾರೆ. ಭೂಮಿಯೊಡನೆ ವಾಯುಮಂಡಲವೂ ವಿಮಾನವೂ ತಿರುಗುತ್ತಿರುವುದರಿಂದ ಹಾಗಾಗದು. ಓಡುವ ರೈಲಿನೊಳಗೆ ನೆಗೆದವನು ಅದೇ ಡಬ್ಬಿಯಲ್ಲೇ ಬೀಳುವುದಿಲ್ಲವೆ?

ಕಾಲದ ಈ ಗೊಂದಲವು ಪರೀಕ್ಷೆಯ ಉತ್ತರಗಳಿಗಷ್ಟೇ ಸೀಮಿತವಾದುದಲ್ಲ. ನಮ್ಮ ನೆರೆಮನೆಯ ಹಿರಿಯರೊಬ್ಬರು ಒಂದು ಚಳಿಗಾಲದಲ್ಲಿ ಗುರುವಾರ ಬೆಳಗಿನ ಜಾವ ಐದು ಗಂಟೆಗೆ ತೀರಿಕೊಂಡರು. ಒಬ್ಬನೇ ಮಗ, ಸ್ಯಾನ್ ಫ್ರಾನ್ಸಿಸ್ಕೊದ ಹತ್ತಿರ ಕೆಲಸದಲ್ಲಿದ್ದವನು. ಸುದ್ದಿ ಮುಟ್ಟಿದಾಗ ಅಲ್ಲಿ ಬುಧವಾರ ಮಧ್ಯಾಹ್ನ ಮೂರೂವರೆ. ಬುಧವಾರ ರಾತ್ರಿ ಎಂಟಕ್ಕೆ ಹೊರಡುತ್ತೇನೆಂದು ಅವನು ದೂರವಾಣಿಯಲ್ಲಿ ಹೇಳಿದನು. ಮನೆಯ ಯಜಮಾನಿಗೆ ಇದು ಅರ್ಥವಾಗಲಿಲ್ಲ. “ಇವರು ಹೋದದ್ದು ಗುರುವಾರ ಕಣಪ್ಪ, ಅವನು ಬುಧವಾರ ರಾತ್ರೀನೇ ಹ್ಯಾಗೆ ಹೊರಟಾನು? ಅವನಿಗೆ ಸರಿಯಾಗಿ ಹೇಳಿದಿರೋ ಇಲ್ಲವೋ” ಎಂದು ಆ ತಾಯಿ ಮತ್ತೆ ಮತ್ತೆ ನಮ್ಮನ್ನು ಕೇಳಿದರು. ಆ ದಿನ ನೇರ ವಿಮಾನವಿರಲಿಲ್ಲ. ನಡುವೆ ಒಂದು ಊರಿನಲ್ಲಿ ವಿಮಾನ ಬದಲಿಸಿ ಬರಬೇಕಾಗಿತ್ತು. ಕಾಯುವುದೋ ಬೇಡವೋ ಎಂದು ಬಂಧುಗಳಲ್ಲಿ ಚರ್ಚೆಯಾಯಿತು. ಮಂಜುಗಡ್ಡೆಯ ಪೆಟ್ಟಿಗೆಯನ್ನು ತರಿಸಿದರು. ನಾವು ಒಂದು ಕಾಗದದ ಮೇಲೆ ಎರಡು ಊರುಗಳ ವೇಳೆಗಳನ್ನು ಎದುರುಬದುರಾಗಿ ಬರೆದು, ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಬರುತ್ತಾನೆಂದು ಲೆಕ್ಕ ತೋರಿಸಿದ ಮೇಲೆ ಕಾಯುವುದೆಂದು ನಿಶ್ಚಯವಾಯಿತು. ಹನ್ನೆರಡಕ್ಕೆ ಇಳಿದನು, ಒಂದೂವರೆಗೆ ಮನೆಗೆ ಬಂದನು. ನೇರ ವಿಮಾನವಿದ್ದಿದ್ದರೆ ಬೆಳಕು ಹರಿಯುವ ಮೊದಲೇ ಬಂದಿರುತ್ತಿದ್ದನು. ಆ ಎಂಟು ಗಂಟೆಗಳನ್ನು ಆ ಮನೆಯ ಹಜಾರದಲ್ಲಿ ಕುಳಿತು ಕಳೆದವರಿಗೆ ನೇರ ಪಯಣವೆಂಬುದು ಏನೆಂದು ಬೇರೆ ಹೇಳಬೇಕಾದುದಿಲ್ಲ. ಮಗ ಸೊಸೆಯರ ಬಳಿಗೆ, ಮಗಳ ಬಾಣಂತನಕ್ಕೆ ಎಂದು ಅಷ್ಟು ದೂರ ಹೋಗಿಬರುವ ತಾಯಂದಿರು ಇಂದು ಬೆಂಗಳೂರಿನ ಬೀದಿಬೀದಿಯಲ್ಲಿ ಇದ್ದಾರೆ. ಅವರಿಗೂ ವಿಮಾನ ಬದಲಿಸುವ ನಿಲ್ದಾಣವೇ ಪಯಣದ ಅತಿ ಕಠಿಣವಾದ ಭಾಗ.

ಹೀಗೆ ಕಾಲವು ಕುಗ್ಗಿದ್ದು ಯಾವುದರಿಂದ? ವಿಮಾನಗಳ ವೇಗ ಹೆಚ್ಚಿದ್ದರಿಂದ ಎಂದು ಎಲ್ಲರೂ ಹೇಳುತ್ತಾರೆ. ಅರ್ಧ ಶತಮಾನದ ಮಟ್ಟಿಗೆ ಈ ಮಾತು ನಿಜ. ೧೯೩೨ರ ಅಕ್ಟೋಬರ್ ೧೫ರಂದು ಜೆ. ಆರ್. ಡಿ. ಟಾಟಾ ಅವರು ಒಂದೇ ಎಂಜಿನಿನ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದಿನ ಮೇಲೆ ಮುಂಬಯಿಗೆ ಟಪಾಲನ್ನು ತಂದರು. ಅಲ್ಲಿಂದ ಅವರ ಸಹಕಾರಿ ನೆವಿಲ್ ವಿನ್ಸೆಂಟ್ ಅವರು ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು. ಕನ್ನಡ ನಾಡಿನ ಊರೊಂದು ಟಾಟಾ ಅವರ ಮೊದಲ ಟಪಾಲು ವಿಮಾನಮಾರ್ಗದಲ್ಲಿ ಹೆಸರು ಪಡೆದದ್ದು ಹೀಗೆ. ಆ ಊರು ಆಗ ಮದರಾಸು ಪ್ರಾಂತ್ಯದಲ್ಲಿತ್ತು. ನಮ್ಮ ಮನೆಯ ಮುಂದಿನ ರಸ್ತೆಗೆ ಬಳ್ಳಾರಿಯ ಹೆಸರಿರುವುದನ್ನು ಕಂಡಾಗಲೆಲ್ಲ ಈ ಟಪಾಲು ಚೀಲಗಳು ನಮಗೆ ನೆನಪಾಗುತ್ತವೆ. ೧೯೪೮ರ ಜೂನ್ ೮ರಂದು ‘ಮಲಬಾರ್ ಪ್ರಿನ್ಸೆಸ್’ ಎಂಬ ವಿಮಾನವು ಮುಂಬಯಿಯಿಂದ ಹೊರಟು ಕೈರೊ, ಜಿನೀವಾಗಳಲ್ಲಿ ಇಳಿದು ಜೂನ್ ೧೦ರಂದು ಲಂಡನನ್ನು ಮುಟ್ಟಿತು. ೧೯೬೦ರ ಮೇ ೧೪ರಂದು ಜೆಟ್ ಎಂಜಿನಿನ ಬೋಯಿಂಗ್ ೭೦೭ ವಿಮಾನವು ಲಂಡನ್ನಿನ ಮೇಲೆ ನ್ಯೂಯಾರ್ಕಿಗೆ ಸಂಚಾರ ಆರಂಭಿಸಿತು. ಆ ೭೦೭ರ ವೇಗವು ಗಂಟೆಗೆ ಸುಮಾರು ಒಂಬೈನೂರು ಕಿಲೋಮೀಟರು. ೨೦೨೧ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬಂದ ಬೋಯಿಂಗ್ ೭೭೭ರ ವೇಗವೂ ಅಷ್ಟೇ. ಅರುವತ್ತು ವರ್ಷಗಳಲ್ಲಿ ಪ್ರಯಾಣಿಕ ವಿಮಾನವು, ಕಾಂಕಾರ್ಡ್ ಎಂಬ ಒಂದು ದುಬಾರಿಯ ಅಪವಾದವನ್ನು ಬಿಟ್ಟರೆ, ಹೆಚ್ಚುಕಡಮೆ ಒಂದೇ ವೇಗದಲ್ಲಿ ಹಾರಿದೆ.

ಬದಲಾದದ್ದು ಎರಡು. ಒಂದು, ಇಳಿಯದೆ ಹಾರಬಲ್ಲ ಶಕ್ತಿ. ಅದು ಎಂಜಿನಿಯರುಗಳ ಸಾಧನೆ. ಅದನ್ನು ವಿವರಿಸಲು ನಾವು ಅರ್ಹರಲ್ಲ. ಇನ್ನೊಂದು, ಯಾರ ಆಕಾಶದಲ್ಲಿ ಯಾರು ಹಾರಬಹುದೆಂಬ ಅನುಮತಿ. ಇದು ನಮ್ಮ ಶಾಸ್ತ್ರಕ್ಕೆ ಸೇರಿದ್ದು. ಇದಕ್ಕೆ ಪಠ್ಯಪುಸ್ತಕಗಳಲ್ಲಿ ಸಿಕ್ಕಿರುವ ಸ್ಥಾನ ಬಹಳ ಕಡಮೆ.

ಮಹಾಯುದ್ಧದ ತರುವಾಯ ಸೋವಿಯತ್ ದೇಶವು ತನ್ನ ಆಕಾಶವನ್ನು ಹೊರಗಿನವರಿಗೆ ಬಹುಮಟ್ಟಿಗೆ ಮುಚ್ಚಿತ್ತು. ಸ್ಕ್ಯಾಂಡಿನೇವಿಯದ ಕಂಪನಿಯು ೧೯೫೪ರಲ್ಲಿ ಕೋಪನ್‌ಹೇಗನ್ನಿನಿಂದ ಲಾಸ್ ಏಂಜಲಿಸಿಗೆ ಉತ್ತರದ ಹಾದಿಯನ್ನು ತೆರೆಯಿತು; ಅದೇ ಕಂಪನಿಯು ೧೯೫೭ರಲ್ಲಿ ಅಲಾಸ್ಕದ ಆಂಕರೇಜಿನ ಮೇಲೆ ಟೋಕಿಯೊಗೆ ಉತ್ತರದ ಹಾದಿಯನ್ನು ತೆರೆದದ್ದು ಈ ನಿರ್ಬಂಧವನ್ನು ಬಳಸಿಕೊಂಡು ಹೋಗುವ ಉಪಾಯದಿಂದಲೇ. ಆಂಕರೇಜ್ ಎಂಬ ದೂರದ ಊರು ದಶಕಗಳ ಕಾಲ ಏಷ್ಯ ಯುರೋಪುಗಳ ನಡುವಣ ತಂಗುದಾಣವಾಗಿದ್ದುದಕ್ಕೆ ಭೂಗೋಲವೊಂದೇ ಕಾರಣವಲ್ಲ. ೧೯೯೧ರಲ್ಲಿ ಸೋವಿಯತ್ ಒಕ್ಕೂಟವು ಮುರಿದುಬಿದ್ದ ನಂತರವೇ ರಷ್ಯದ ಮೇಲಣ ಧ್ರುವಮಾರ್ಗಗಳು ಕ್ರಮೇಣ ತೆರೆದುವು. ೨೦೨೧ರ ಬೆಂಗಳೂರಿನ ವಿಮಾನವು ಆ ತೆರೆದ ಬಾಗಿಲಿನಿಂದ ಬಂದದ್ದು.

ಬಾಗಿಲು ಮತ್ತೆ ಮುಚ್ಚಿದ್ದನ್ನೂ ನಾವು ಕಂಡೆವು. ೨೦೨೨ರ ಫೆಬ್ರವರಿ ೨೪ರಂದು ರಷ್ಯವು ಉಕ್ರೇನಿನ ಮೇಲೆ ದಾಳಿ ಮಾಡಿದ ಬಳಿಕ ಅಮೆರಿಕ, ಕೆನಡ, ಯುರೋಪಿನ ಕಂಪನಿಗಳು ರಷ್ಯದ ಮೇಲೆ ಹಾರುವುದು ನಿಂತಿತು. ಭಾರತದ ಕಂಪನಿಗಳಿಗೆ ಆ ನಿಷೇಧ ತಟ್ಟಲಿಲ್ಲ. ಅಮೆರಿಕನ್ ಏರ್‌ಲೈನ್ಸ್ ಸಿಯಾಟಲ್‌ನಿಂದ ಬೆಂಗಳೂರಿಗೆ, ಯುನೈಟೆಡ್ ಏರ್‌ಲೈನ್ಸ್ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ನೇರ ಸಂಚಾರವನ್ನು ೨೦೨೦ರಲ್ಲಿಯೇ ಘೋಷಿಸಿದ್ದುವು. ಮೊದಲು ಸಾಂಕ್ರಾಮಿಕ ರೋಗ, ಆಮೇಲೆ ರಷ್ಯದ ಆಕಾಶ. ಎರಡೂ ಯೋಜನೆಗಳು ನೆಲವನ್ನು ಬಿಟ್ಟು ಏಳಲಿಲ್ಲ. ನಗರಗಳು ಅವೇ, ದಾರವೂ ಅದೇ. ರೆಕ್ಕೆಯ ಮೇಲೆ ಯಾವ ದೇಶದ ಗುರುತಿದೆಯೆಂಬುದರ ಮೇಲೆ ದೂರವು ಬೇರೆಯಾಯಿತು. ನಮ್ಮ ಪಕ್ಕದಲ್ಲಿಯೂ ಹೀಗೆಯೇ. ೨೦೧೯ರ ಫೆಬ್ರವರಿಯಿಂದ ಜುಲೈವರೆಗೆ, ಮತ್ತೆ ೨೦೨೫ರ ಏಪ್ರಿಲ್ ೨೪ರಿಂದ, ಪಾಕಿಸ್ತಾನವು ತನ್ನ ಆಕಾಶವನ್ನು ಮುಚ್ಚಿದಾಗ ಭಾರತದ ವಿಮಾನಗಳಿಗೆ ಪಶ್ಚಿಮದ ಪಯಣವು ಗಂಟೆಗಟ್ಟಲೆ ಬೆಳೆಯಿತು. ಇದರ ಪೆಟ್ಟು ದೆಹಲಿಯವರಿಗೆ ನಮಗಿಂತ ಹೆಚ್ಚಾಗಿ ಬಿದ್ದಿತು. ಬೆಂಗಳೂರಿನ ನೇರ ಸಂಚಾರವೂ ಒಮ್ಮೆ ನಿಂತು, ೨೦೨೨ರ ಡಿಸೆಂಬರಿನಲ್ಲಿ ಮತ್ತೆ ಆರಂಭವಾದದ್ದುಂಟು. ಆದ್ದರಿಂದ ಈ ಲೇಖನದ ಗಂಟೆಗಳನ್ನು ನೆಚ್ಚಿ ಯಾರೂ ಪೆಟ್ಟಿಗೆ ಕಟ್ಟಬಾರದು. ಹೊರಡುವ ವಾರದ ವೇಳಾಪಟ್ಟಿಯನ್ನೇ ನೋಡಬೇಕು.

ಕೊನೆಯದಾಗಿ ನೆಲದ ಮೇಲಣ ದಾರಿ. ೨೦೦೮ರ ಮೇ ೨೪ರಂದು ಬೆಂಗಳೂರಿನ ಪ್ರಯಾಣಿಕ ವಿಮಾನಗಳೆಲ್ಲ ಎಚ್.ಎ.ಎಲ್. ನಿಲ್ದಾಣವನ್ನು ಬಿಟ್ಟು ದೇವನಹಳ್ಳಿಯ ಕಡೆಗೆ ಬಂದುವು. ಅಂದಿನಿಂದ ನಗರದ ದಕ್ಷಿಣದವರಿಗೆ ಮನೆಯಿಂದ ವಿಮಾನದವರೆಗಿನ ಪಯಣವೇ ಒಂದು ಪ್ರತ್ಯೇಕ ಯಾತ್ರೆಯಾಯಿತು. ಬೆಳಗಿನ ಜಾವ ೩-೪೫ಕ್ಕೆ ಇಳಿದವನು ಬರಿದಾದ ಬಳ್ಳಾರಿ ರಸ್ತೆಯಲ್ಲಿ ಹುಣಸಮಾರನಹಳ್ಳಿಯನ್ನು ನಿಮಿಷಗಳಲ್ಲಿ ದಾಟಿ, ಇನ್ನೂ ಕತ್ತಲಿರುವಾಗಲೇ ಜಯನಗರವನ್ನು ಸೇರುತ್ತಾನೆ. ಅದೇ ವಿಮಾನವು ಆರು ಗಂಟೆ ತಡವಾಗಿ ಬಂದಿತೋ, ಹೆಬ್ಬಾಳದಲ್ಲಿ ನಿಂತ ವಾಹನಗಳ ಸಾಲಿನಲ್ಲಿ ಅವನೂ ನಿಲ್ಲಬೇಕು.

ಹದಿನಾರು ಸಾವಿರವೆಂದು ಬರೆದಿದ್ದವರ ಉತ್ತರಗಳಿಗೆ ಎಳೆದಿದ್ದ ಗೆರೆಯನ್ನು ಅಳಿಸಿ ಪೂರ್ಣ ಅಂಕಗಳನ್ನು ಕೊಟ್ಟಿದ್ದೇವೆ. ‘ಎರಡು ದಿನ’ ಎಂದು ಬರೆದಿದ್ದ ಹುಡುಗನನ್ನು ಕರೆದು, ನೆರೆಮನೆಯವರಿಗೆ ಬರೆದುಕೊಟ್ಟಿದ್ದಂಥ ಎರಡು ಕಲಮಿನ ಕಾಗದವನ್ನು ಅವನಿಂದಲೇ ಮಾಡಿಸಿದೆವು. ಅದಕ್ಕೆ ಅರ್ಧ ಅಂಕ. ಮುಂದಿನ ವರ್ಷದ ಪ್ರಶ್ನೆಯನ್ನು ಹೀಗೆ ತಿದ್ದಿದ್ದೇವೆ: ‘ಯಾವ ದಿನ, ಯಾವ ದಿಕ್ಕಿಗೆ, ಯಾರ ಆಕಾಶಗಳ ಮೇಲೆ ಎಂಬುದನ್ನು ನಮೂದಿಸಿ, ಅನಂತರ ದೂರವನ್ನೂ ಕಾಲವನ್ನೂ ಬರೆಯಿರಿ.’